ರಜೆಗೆ ಸಾಕಾಗುವ ಸುದ್ದಿ

ಫೋನನ್ನು ಕಿವಿಗೆ ಒತ್ತಿಕೊಂಡು ಕದರಯ್ಯ ಆಸ್ಪತ್ರೆಯ ಕಾರಿಡಾರಿನ ಕಿಟಕಿ ಹತ್ತಿರ ನಿಂತಿದ್ದ. ಆ ಕಡೆ ಯಾರೂ ಇರಲಿಲ್ಲ. ಕರೆ ಕಡಿದುಹೋಗಿ ಆಗಲೇ ಸುಮಾರು ಹೊತ್ತಾಗಿತ್ತು. ಆದರೂ ಅವನು 'ಹಾಂ ಸಾಬ್, ಜೀ ಸಾಬ್' ಅನ್ನುತ್ತ, ನಡುನಡುವೆ ತಲೆಯಾಡಿಸುತ್ತ ನಿಂತೇ ಇದ್ದ. ಯಾಕೆಂದರೆ ಹಿಂದೆ ಬೆಂಚಿನ ಮೇಲೆ ಕೂತಿದ್ದ ಅಕ್ಕ ಹನುಮಕ್ಕ ಅವನ ಬೆನ್ನನ್ನೇ ನೋಡುತ್ತಿದ್ದಳು. ಫೋನು ಕೆಳಗಿಳಿಸಿದರೆ ಅವಳು 'ಏನಂದ್ರೋ?' ಅನ್ನುತ್ತಾಳೆ. ಆ ಪ್ರಶ್ನೆಯನ್ನು ಎಷ್ಟು ಸಾಧ್ಯವೋ ಅಷ್ಟು ಮುಂದಕ್ಕೆ ದೂಡಬೇಕಾಗಿತ್ತು. ಕಿಟಕಿಯಾಚೆ ತುಮಕೂರಿನ ಬೆಳಗು ತನ್ನ ಪಾಡಿಗೆ ತಾನು ನಡೆದಿತ್ತು. ಗೇಟಿನ ಮುಂದೆ ಎಳನೀರಿನ ಗಾಡಿ, ಅದರ ಪಕ್ಕದಲ್ಲಿ ಮಾತ್ರೆ ಚೀಟಿ ಹಿಡಿದು ಬೆಪ್ಪಾಗಿ ನಿಂತವರು, ಕುಣಿಗಲ್ ಬಸ್ಸಿಗೆ ಕೈ ಬೀಸಿಕೊಂಡು ಓಡುತ್ತಿದ್ದ ಒಬ್ಬ ಹೆಂಗಸು. ಇಷ್ಟು ಜನರಲ್ಲಿ ಒಬ್ಬನಾದರೂ ತನ್ನ ಹಾಗೆ ಸತ್ತ ಫೋನಿಗೆ ಸಲಾಮು ಹೊಡೆಯುತ್ತ ನಿಂತಿರಲಾರ ಅಂದುಕೊಂಡ. ನಾಚಿಕೆಯಾಯಿತು. ನಾಚಿಕೆಯನ್ನು ನುಂಗಿಕೊಳ್ಳಲು ಇನ್ನೊಂದು ಸಲ 'ಜೀ ಸಾಬ್' ಅಂದ.

"ರೀ ಸೆಕ್ಯುರಿಟಿ, ಈ ವೀಲ್‌ಚೇರ್ ಆ ಕಡೆ ತಳ್ರೀ, ದಾರೀಲಿ ಬಿಟ್ಟಿದೀರಲ್ಲ" ಎಂದು ನರ್ಸ್ ಒಬ್ಬಳು ಹಿಂದಿನಿಂದ ಗದರಿದಳು. ಅವನು ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಸೀದಾ ಬಂದಿದ್ದ. ಮೈಮೇಲೆ ಸೆಕ್ಯುರಿಟಿ ಏಜೆನ್ಸಿಯ ನೀಲಿ ಅಂಗಿಯೇ ಇತ್ತು, ಎದೆಯ ಮೇಲೆ ಸೀಟಿಯ ದಾರ. ತಾನು ಈ ಆಸ್ಪತ್ರೆಯ ಸೆಕ್ಯುರಿಟಿಯಲ್ಲ, ಬೇರೆ ಕಡೆಯ ಸೂಪರ್‌ವೈಸರು, ಅದಕ್ಕೂ ಮುಂಚೆ ಭಾರತೀಯ ಸೇನೆಯಲ್ಲಿ ಹವಾಲ್ದಾರನಾಗಿದ್ದವನು ಎಂದು ಹೇಳಬಹುದಾಗಿತ್ತು. ಹೇಳಲು ಬಾಯಿ ತೆರೆದ ಕೂಡ. ಆದರೆ ಅಷ್ಟು ಹೇಳುವ ಹೊತ್ತಿಗೆ ಕೈ ಆಗಲೇ ವೀಲ್‌ಚೇರನ್ನು ಗೋಡೆಗೆ ತಳ್ಳಿಯಾಗಿತ್ತು. ಹೇಳಿದ್ದನ್ನು ಮೊದಲು ಮಾಡಿ ಆಮೇಲೆ ಯೋಚಿಸುವುದು ಅವನ ಕೈಗೆ ಎಲ್ಲಿಂದಲೋ ಅಂಟಿಬಂದ ಗುಣ. ಅಕ್ಕ ಇದನ್ನೂ ನೋಡಿದಳು. "ಏನಂದ್ರೋ ಕದರ? ಕಮಾಂಡ್‌ನೋರು ಏನಂದ್ರು?" ಅಂದಳು. "ಮಾತಾಡ್ತಾವ್ರೆ ಕಣಕ್ಕ. ಮೇಲ್ಗಡೆಗೆ ಹೋಗೈತೆ" ಅಂದ. ಮೇಲ್ಗಡೆ ಅಂದರೆ ಯಾರು, ಎಲ್ಲಿ, ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಊರಿನ ಕಡೆ ಅವನನ್ನು ಕಮಾಂಡ್ ಕದರಯ್ಯ ಅನ್ನುತ್ತಿದ್ದರು. ರಜೆಗೆ ಬಂದಾಗೆಲ್ಲ ಅಶ್ವತ್ಥಕಟ್ಟೆಯ ಮೇಲೆ ಕೂತು ಕಮಾಂಡು ಹಾಗೆ, ಕಮಾಂಡು ಹೀಗೆ ಎಂದು ಕೊರೆದು ಕೊರೆದು ಅವನೇ ಸಂಪಾದಿಸಿಕೊಂಡ ಬಿರುದು. ಕಮಾಂಡು ಅಂದರೇನು ಎಂದು ಭಾವ ವೆಂಕಟರಂಗಯ್ಯ ಒಂದು ಸಲ ಕೇಳಿದ್ದ. ಹುತ್ರಿದುರ್ಗದ ಬೆಟ್ಟದ ಕೆಳಗಿನ ಅವರ ತೆಂಗಿನ ತೋಟದಲ್ಲಿ ನಿಂತು ಕದರಯ್ಯ ಕೈ ಬೀಸಿ ತೋರಿಸಿದ್ದ: ಈ ಇಡೀ ತೋಟ ಕಮಾಂಡು ಭಾವ, ಈ ಒಂದು ಸಾಲು ಕೋರ್, ಸಾಲಿನಲ್ಲಿ ಒಂದು ಮರ ಅಂದರೆ ಡಿವಿಜನ್ನು, ಮರದಲ್ಲಿ ಒಂದು ಗೊನೆ ಬ್ರಿಗೇಡು, ಗೊನೆಯಲ್ಲಿ ಒಂದು ಕಾಯಿ ಬೆಟಾಲಿಯನ್ನು. "ಮತ್ತೆ ಸಿಪಾಯಿ?" ಅಂದಿದ್ದ ಭಾವ. ಕದರಯ್ಯ ಒಂದು ಗಳಿಗೆ ತಡವರಿಸಿ, "ಕಾಯಿ ಮೇಲಿರೋ ನಾರು" ಅಂದಿದ್ದ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನಾರು ಸುಲಿಯೋನ್ಗೆ ಗೊತ್ತು ಕಣ್ಲಾ ಅದರ ಗಟ್ಟಿತನ" ಅಂದಿದ್ದ. ಆಗಿನ್ನೂ ಭಾವನ ಮಗ ಚೈತನ್ಯ ಪಿಯುಸಿ ಓದುತ್ತಿದ್ದ. ಅವನನ್ನು ರ‍್ಯಾಲಿಗೆ ಕರೆದುಕೊಂಡು ಹೋಗಿ ಓಡಿಸಿ, ಎದೆ ಅಳೆಸಿ, ಸೈನ್ಯಕ್ಕೆ ಸೇರಿಸಿದವನು ಇದೇ ಕದರಯ್ಯ. 'ನೀನೈದೀಯಲ್ಲ ಕಮಾಂಡ್ನಾಗೆ, ನೋಡ್ಕೋತೀಯ' ಎಂದು ಅಕ್ಕ ಧೈರ್ಯವಾಗಿ ಕಳಿಸಿದ್ದಳು. ನೋಡ್ಕೋತೀನಿ ಅಂದಿದ್ದ. ಅನ್ನಬಾರದಾಗಿತ್ತು. ಆದರೆ ಅಕ್ಕನ ಮುಂದೆ ನಿಂತು, ಅಕ್ಕಾ, ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎನ್ನುವುದು ಯಾವ ತಮ್ಮನಿಗೆ ಸುಲಭ?

ಕಮಾಂಡು ಊರವರು ತಿಳಿದುಕೊಂಡ ಹಾಗೆ ಗುಡುಗು ಸಿಡಿಲಲ್ಲ. ಹಳೇ ಕಲ್ಲಿನ ಕಟ್ಟಡಗಳು, ಬುಡಕ್ಕೆ ಸುಣ್ಣ ಬಳಿದ ಮರಗಳು, ಉದ್ದನೆಯ ಪಡಸಾಲೆ, ಒಂದರ ಪಕ್ಕ ಒಂದು ಬಾಗಿಲು. ಸೈನ್ಯಕ್ಕೆ ಇಂಥವು ಏಳು. ಆರು ನೆಲ ಕಾಯುವುದಕ್ಕೆ, ಒಂದು ತರಬೇತಿಗೆ. ಒಂದೊಂದಕ್ಕೂ ಒಬ್ಬ ಲೆಫ್ಟಿನೆಂಟ್ ಜನರಲ್. ಅವರ ಕಾರು ಬಂದಾಗ ಪಡಸಾಲೆಯ ಕಾಗೆ ಕೂಡ ಅಟೆನ್ಷನ್ನಿನಲ್ಲಿ ಕೂರುತ್ತಿತ್ತು. ಕಮಾಂಡು ತಾನೇ ಗುಂಡು ಹಾರಿಸುವುದಿಲ್ಲ. ಯಾವ ಪಡೆ ಎಲ್ಲಿರಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು, ಹೋದವರಿಗೆ ಊಟ, ಮದ್ದು, ಕಂಬಳಿ ಯಾವ ದಾರಿಯಲ್ಲಿ ತಲುಪಬೇಕು, ಅದಷ್ಟೇ ಅದರ ಕೆಲಸ. ಜಿ ಬ್ರಾಂಚಿನವರು ಯುದ್ಧದ ಯೋಚನೆ ಮಾಡುವವರು. ಕ್ಯೂ ಬ್ರಾಂಚಿನವರು ಸಾಮಾನಿನವರು. ಎ ಬ್ರಾಂಚಿನವರು ಮನುಷ್ಯರ ಲೆಕ್ಕ ಇಡುವವರು. ಕದರಯ್ಯ ಎ ಬ್ರಾಂಚಿನ ಗುಮಾಸ್ತ. ಕೆಳಗಿನಿಂದ ಬಂದ ಅಂಕಿಗಳನ್ನು ಕೂಡಿಸಿ ಮೇಲಕ್ಕೆ ಕಳಿಸುತ್ತಿದ್ದ. ಹಾಜರಿರುವವರು ಇಷ್ಟು, ಆಸ್ಪತ್ರೆಯಲ್ಲಿರುವವರು ಇಷ್ಟು, ರಜೆಯಲ್ಲಿರುವವರು ಇಷ್ಟು. ಅಷ್ಟು ವರ್ಷಗಳಲ್ಲಿ ಅವನ ಮೇಜಿನ ಮೇಲೆ ಒಬ್ಬ ಮನುಷ್ಯನ ಹೆಸರು ಹಾದುಹೋದ ನೆನಪಿಲ್ಲ. ಗಡಿಯಲ್ಲಿ ಬಿಸಿ ಏರಿದಾಗ 'ರಜೆಗಳನ್ನು ತಡೆಹಿಡಿಯತಕ್ಕದ್ದು' ಅನ್ನುವ ಸಂದೇಶ ಟೈಪು ಮಾಡುವವನೂ ಅವನೇ. ಟೈಪು ಮಾಡಿ, ಸ್ಪೆಲ್ಲಿಂಗ್ ನೋಡಿ, ಸಾಹೇಬರ ಸಹಿಗಿಟ್ಟು, ಕ್ಯಾಂಟೀನಿಗೆ ಹೋಗಿ ಸಮೋಸ ತಿನ್ನುತ್ತಿದ್ದ. ಆ ಒಂದು ಸಾಲಿನಿಂದ ಯಾವ ಯಾವ ಊರಿನಲ್ಲಿ ಯಾವ ಯಾವ ಅಪ್ಪ ಬಾಗಿಲ ಕಡೆ ನೋಡುತ್ತ ಮಲಗಿದ್ದನೋ, ಸಮೋಸ ಬಿಸಿಯಾಗಿತ್ತು, ಚಟ್ನಿ ಹುಳಿಯಾಗಿತ್ತು, ಅಷ್ಟು ಮಾತ್ರ ನೆನಪಿದೆ.

ಒಳಗೆ ವಾರ್ಡಿನಲ್ಲಿ ಭಾವ ಹಾಗೆಯೇ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದ. ಶ್ವಾಸಕೋಶ ಪೂರ್ತಿ ಕೆಟ್ಟಿದೆ, ಯಾರಿಗೆ ಹೇಳಿ ಕಳಿಸಬೇಕೋ ಹೇಳಿ ಕಳಿಸಿ ಎಂದು ಡಾಕ್ಟರು ನೆನ್ನೆ ಹೇಳಿದ್ದರು. ಮೂಗು ಬಾಯಿ ಮುಚ್ಚಿದ ಆಕ್ಸಿಜನ್ ಮಾಸ್ಕಿನೊಳಗೆ ಉಸಿರು ಮಂಜಾಗಿ ಕಟ್ಟಿ ಕರಗುತ್ತಿತ್ತು. ಕದರಯ್ಯ ಒಳಗೆ ಬಂದದ್ದೇ ಭಾವ ಮಾಸ್ಕನ್ನು ಗದ್ದಕ್ಕೆ ಇಳಿಸಿ, "ಬತ್ತಾನಂತಾ?" ಅಂದ. ಹಾಗೆ ಇಳಿಸಬೇಡಿ ಎಂದು ಹೇಳಿ ಹೇಳಿ ಎಲ್ಲರಿಗೂ ಸಾಕಾಗಿತ್ತು. "ಬತ್ತಾನೆ ಭಾವ, ಕಮಾಂಡಿಗೆ ಹೇಳಿವ್ನಿ" ಅಂದ ಕದರಯ್ಯ. ಭಾವನ ಕಣ್ಣಿನಲ್ಲಿ ಹಳೆಯ ತುಂಟತನ ಇಣುಕಿತು. "ತೋಟಕ್ಕೇ ಹೇಳ್ಬುಟ್ಯಾ? ಹಂಗಾರೆ ನಾರು ಕಿತ್ಕಂಡು ಬತ್ತದೆ ಬುಡು" ಎಂದು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತೆಲ್ಲ ಕದರಯ್ಯ ಮಂಚದ ಕಬ್ಬಿಣ ಹಿಡಿದು ನಿಂತ. ಈ ಮನುಷ್ಯ ತನ್ನನ್ನು ನಂಬಿದ್ದಾನೋ, ಅಥವಾ ನಂಬಿದವನ ಹಾಗೆ ಮಾಡಿ ತನ್ನ ಮರ್ಯಾದೆ ಉಳಿಸುತ್ತಿದ್ದಾನೋ ಅವನಿಗೆ ತಿಳಿಯಲಿಲ್ಲ. ಎರಡನೆಯದೇ ಇದ್ದರೆ ಅದು ಮೊದಲನೆಯದಕ್ಕಿಂತ ಕಷ್ಟ.

ಬೆಳಿಗ್ಗೆ ಅವನು ನಿಜವಾಗಿಯೂ ಫೋನು ಮಾಡಿದ್ದ. ಚೈತನ್ಯನಿಗೇ ಮಾಡೋಣವೆಂದರೆ ಅವನು ಸಿಗ್ನಲ್ಲೇ ಇಲ್ಲದ ಯಾವುದೋ ಎತ್ತರದ ಪೋಸ್ಟಿನಲ್ಲಿದ್ದ. ಹಾಗಾಗಿ ತನ್ನ ಹಳೇ ಆಫೀಸಿಗೆ, ಇನ್ನೂ ಸರ್ವೀಸಿನಲ್ಲಿದ್ದ ಪಿಳ್ಳೈಗೆ ಮಾಡಿದ. ಪಿಳ್ಳೈ ಹೆಂಡತಿ ಮಕ್ಕಳ ಕ್ಷೇಮ ಕೇಳಿದ, ತುಮಕೂರಿನಲ್ಲಿ ಸೆಕೆಯೇ ಎಂದು ಕೇಳಿದ, ಆಮೇಲೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದ: ಆ ಬೆಟಾಲಿಯನ್ ನಮ್ಮದೇ ಕದರಯ್ಯ, ಆದರೆ ಈಗ ನಮ್ಮದಲ್ಲ. ಉತ್ತರದ ಕಮಾಂಡಿನವರಿಗೆ ಕೊಟ್ಟಿದ್ದೇವೆ. ಕಾರ್ಯಾಚರಣೆಗೆ ಅವರ ಕೈಕೆಳಗೆ, ಆಡಳಿತಕ್ಕೆ ನಮ್ಮ ಕೈಕೆಳಗೆ. ಇನ್ನು ಒಬ್ಬ ಸಿಪಾಯಿಯ ರಜೆ ಅಂದರೆ ಅದು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ, ಬೆಟಾಲಿಯನ್ನಿನ ಮುಖ್ಯಸ್ಥ ಸಿ.ಓ. ಸಾಹೇಬರ ಕೈಯಲ್ಲಿದೆ, ಇದನ್ನು ನಿನಗೆ ನಾನು ಹೇಳಿಕೊಡಬೇಕೇ? ಬೇಕಾಗಿರಲಿಲ್ಲ. ಕಾರ್ಯಾಚರಣೆಗೆ ಅವರು, ಆಡಳಿತಕ್ಕೆ ಇವರು ಅನ್ನುವ ಆ ಸಾಲನ್ನು ಕದರಯ್ಯನೇ ಎಷ್ಟು ಬೆಟಾಲಿಯನ್ನುಗಳ ಹಣೆಯ ಮೇಲೆ ಟೈಪು ಮಾಡಿಲ್ಲ! ಪಡೆಗಳನ್ನು ಹೀಗೆ ಅಲ್ಲಿಂದ ಇಲ್ಲಿಗೆ ಕೊಡದಿದ್ದರೆ ಅಷ್ಟು ದೊಡ್ಡ ಸೈನ್ಯ ನಡೆಯುವುದೂ ಇಲ್ಲ. ವ್ಯವಸ್ಥೆ ಸರಿಯಾಗಿಯೇ ಇತ್ತು. ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಬರುವ ಹಾಗಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಆಮೇಲೆ ಬೆಟಾಲಿಯನ್ನಿನೊಳಗೆ ಚೈತನ್ಯನ ತುಕಡಿಯಾದ ಕಂಪನಿಗೆ ಮಾಡಿದ. ಎತ್ತಿಕೊಂಡವನು ಅಲ್ಲಿನ ಹಿರಿಯ ಸುಬೇದಾರ. ಗಾಳಿಯ ಸದ್ದಿನ ನಡುವೆ ದಪ್ಪ ದನಿ. ಎಲ್ಲ ಕೇಳಿಸಿಕೊಂಡು, "ಚೈತನ್ಯನ ತಂದೆ ಹೋದ ವರ್ಷವೂ ಸೀರಿಯಸ್ ಆಗಿದ್ದರು" ಅಂದ. ಕದರಯ್ಯನ ಕಿವಿ ಬಿಸಿಯಾಯಿತು. ಇದು ಅವನೇ ಕಲಿಸಿದ ವಿದ್ಯೆ. ತಂತಿಯ ಕಾಲದಿಂದಲೂ ಮಿಲಿಟ್ರಿಯವರ ಮನೆಗಳಲ್ಲಿ ನಡೆದುಬಂದದ್ದು: ಮಗನಿಗೆ ರಜೆ ಬೇಕೆಂದರೆ ಅಪ್ಪ ಸೀರಿಯಸ್ ಆಗಬೇಕು. ಹೆಬ್ಬೂರಿನಿಂದ ಹುತ್ರಿದುರ್ಗದವರೆಗೆ ಎಷ್ಟು ಅಪ್ಪಂದಿರು ಹೀಗೆ ಸೀರಿಯಸ್ ಆಗಿ, ಮಗನ ಮದುವೆಯಲ್ಲಿ ಉಂಡು ಕೈ ತೊಳೆದುಕೊಂಡಿದ್ದಾರೋ. ಹೋದ ವರ್ಷ ಗುಬ್ಬಿಯಲ್ಲಿ ಚೈತನ್ಯನ ನಿಶ್ಚಿತಾರ್ಥ. ಹುಡುಗಿಯ ಕಡೆಯವರು ಆ ತಿಂಗಳು ಬಿಟ್ಟರೆ ಆಗುವುದಿಲ್ಲ ಅಂದರು, ರಜೆ ಇಲ್ಲ. ಆಗ ಮಾವನಾದ ಕದರಯ್ಯನೇ ದಾರಿ ತೋರಿಸಿದ. ಗುಬ್ಬಿಯ ಛತ್ರದಲ್ಲಿ ಎಲೆ ಮುಂದೆ ಕೂತ ವೆಂಕಟರಂಗಯ್ಯ, "ನಾನು ಭಾಳ ಸೀರಿಯಸ್ ಆಗಿವ್ನಿ ಕಣಮ್ಮ, ಇನ್ನೊಂದ್ ಹೋಳಿಗೆ ಹಾಕು, ತುಪ್ಪ ಜಾಸ್ತಿ ಬುಡು" ಎಂದು ಬಡಿಸುವವಳಿಗೆ ಹೇಳಿ ಇಡೀ ಪಂಕ್ತಿಯನ್ನು ನಗಿಸಿದ್ದ. ಕದರಯ್ಯನೇ ಎಲ್ಲರಿಗಿಂತ ಜೋರಾಗಿ ನಕ್ಕವನು. ಆ ನಗು ಈಗ ಯಾವುದೋ ಬೆಟ್ಟದ ತುದಿಯಲ್ಲಿ ಒಬ್ಬ ಸುಬೇದಾರನ ನೆನಪಿನಲ್ಲಿ ಅನುಮಾನವಾಗಿ ಕೂತಿತ್ತು.

ಈ ಸಲ ನಿಜ ಸಾಬ್ ಅಂದ ಕದರಯ್ಯ. ಎಲ್ಲರೂ ಹಾಗೇ ಹೇಳುತ್ತಾರೆ ಅಂದ ಸುಬೇದಾರ. ಡಾಕ್ಟರ ಚೀಟಿ ಕಳಿಸಿ ಅಂದ. ಕಳಿಸಿದ್ದೂ ಆಯಿತು, ಅದರಲ್ಲಿ ಡ್ಯೂಟಿ ಡಾಕ್ಟರು ರೋಗಿ ಸದ್ಯಕ್ಕೆ ಸ್ಥಿರವಾಗಿದ್ದಾರೆಂದು ಗೀಚಿದ್ದರು. ಮತ್ತೆ ಫೋನು ಮಾಡಿದಾಗ ಸುಬೇದಾರ ಒರಟಾಗಿ ಮಾತಾಡಲಿಲ್ಲ, ಅದೇ ಕಷ್ಟವಾದದ್ದು. ನೀವೂ ಸೈನ್ಯದಲ್ಲಿದ್ದವರು, ನಿಮಗೆ ಹೇಳಬೇಕಾದ್ದಿಲ್ಲ, ಇಲ್ಲಿ ಈಗ ರಜೆ ನಿಂತಿದೆ, ಮೇಲಿನಿಂದ ಆದೇಶ. ಸೀರಿಯಸ್ ಅಂದರೆ ಸಿ.ಓ. ಸಾಹೇಬರ ಮುಂದೆ ನಾನು ಬಾಯಿ ಬಿಡುವ ಹಾಗಿಲ್ಲ. ಸಾವಾಗಿದ್ದರೆ ಬೇರೆ ಮಾತು, ಅಂದ. ಅಷ್ಟಾಗಿ ಲೈನು ಕಡಿದದ್ದು. ಅದಾದ ಮೇಲೆಯೇ ಕದರಯ್ಯ ಕಿಟಕಿಯ ಹತ್ತಿರ ಖಾಲಿ ಫೋನಿಗೆ ತಲೆಯಾಡಿಸುತ್ತ ನಿಂತದ್ದು.

ಈಗ ವಾರ್ಡಿನಿಂದ ಹೊರಗೆ ಬಂದು ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತ. ಸುಳ್ಳು ಹೇಳಲು ಶಕ್ತಿ ಉಳಿದಿರಲಿಲ್ಲ. "ಅಕ್ಕ, ಕಮಾಂಡಿನೋರು ಏನೂ ಮಾಡಕ್ಕಾಗಲ್ವಂತೆ" ಅಂದ. ಹನುಮಕ್ಕ ಅವನನ್ನು ನೋಡಿದಳು. "ಅಷ್ಟು ದೊಡ್ಡೋರು ಒಂದ್ ಮಾತು ಹೇಳುದ್ರೆ ಕೇಳಲ್ವಾ ಕೆಳಗಿರೋರು?"

"ಅವರು ಒಬ್ಬೊಬ್ಬರ ವಿಷ್ಯ ನೋಡಲ್ಲ ಕಣಕ್ಕ."

"ಮತ್ತೆ ಏನ್ ನೋಡ್ತಾರೆ?"

ಎಲ್ಲರನ್ನೂ ಎಂದು ಹೇಳಬೇಕಾಗಿತ್ತು. ಹೇಳಿದರೆ ಅವಳಿಗೆ ಅರ್ಥವಾಗುವುದಿಲ್ಲ, ತನಗೂ ಈಗ ಅದು ಅರ್ಥವಾಗುತ್ತಿಲ್ಲ ಅನ್ನಿಸಿ ಎದೆಯ ಮೇಲಿನ ಸೀಟಿಯ ದಾರ ನೇರಮಾಡಿಕೊಂಡ. "ಕಂಪನಿಯೋರು?" ಅಂದಳು. "ಹೋದ ವರ್ಸದ್ದು ಗ್ಯಾಪ್ಕ ಇಟ್ಕಂಡವ್ರೆ. ನಂಬಲ್ಲ. ಸಾವಾಗಿದ್ರೆ ಬೇರೆ ಮಾತು ಅಂದ್ರು." ಹೇಳಿದ ಮೇಲೆ, ಇದನ್ನು ಯಾಕೆ ಹೇಳಿದೆ ಅನ್ನಿಸಿತು. ಹನುಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಅವಳು ಚಿಕ್ಕವಳಿದ್ದಾಗ, ಅವ್ವ ತೀರಿಕೊಂಡ ದಿನ, ತಮ್ಮನಿಗೆ ಹಸಿವಾಗುತ್ತದೆಂದು ಹೆಣದ ಮುಂದಿನಿಂದ ಎದ್ದುಹೋಗಿ ಪಕ್ಕದ ಮನೆಯಲ್ಲಿ ಮುದ್ದೆ ಈಸಿಕೊಂಡು ಬಂದವಳು. ಏನು ಆಗಬೇಕೋ ಅದನ್ನು ಮಾಡುವವಳು, ಅಳುವುದನ್ನು ಆಮೇಲಕ್ಕೆ ಇಟ್ಟುಕೊಳ್ಳುವವಳು.

"ಹೋಗ್ಬುಟ್ರು ಅಂತ ಹೇಳು" ಅಂದಳು.

"ಏನಕ್ಕ?"

"ಕೇಳುಸ್ಲಿಲ್ವಾ? ನಿಮ್ ಭಾವ ಹೋಗ್ಬುಟ್ರು ಅಂತ ಹೇಳು. ಮಗ ಬರ್ಲಿ."

ಅವಳ ಹಣೆಯ ಮೇಲೆ ಕಾಸಗಲದ ಕುಂಕುಮ ಇತ್ತು. ಕದರಯ್ಯ ಅದನ್ನು ಬಿಟ್ಟು ಬೇರೆ ಕಡೆ ನೋಡಲು ಪ್ರಯತ್ನಪಟ್ಟ. "ಬಿಡ್ತು ಅನ್ನಕ್ಕ. ಅಂಥ ಮಾತಾಡ್ತಾರಾ?" ಅಂದ. "ಆಮೇಲ್ ಬೇಕಾದ್ರೆ ಅಂತೀನಿ ಕಣೋ" ಅಂದಳು ಅವಳು, ದನಿಯೇರಿಸದೆ. "ಅವರು ಹೋದ್ಮೇಲೆ ಬಂದು ಏನ್ ಮಾಡ್ತಾನೆ, ಬೂದಿ ನೋಡ್ತಾನಾ? ಕಣ್ಣಲ್ಲಿ ಜೀವ ಐತೆ. ಅವನ್ಗೇ ಇಟ್ಕಂಡಿರೋದು. ನಾನ್ ನೋಡಿಲ್ವಾ? ಮಾಡ್ತೀಯೋ, ಇಲ್ಲ ನಂಬರ್ ಕೊಡು, ನಾನೇ ಹೇಳ್ತೀನಿ." ಅವಳಿಗೆ ಹಿಂದಿ ಬರುತ್ತಿರಲಿಲ್ಲ. ಬಂದಿದ್ದರೆ ಹೇಳಿಯೇಬಿಡುತ್ತಿದ್ದಳು, ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ತನಗೆ ಹಿಂದಿ ಬರುತ್ತದೆನ್ನುವ ಒಂದೇ ಕಾರಣಕ್ಕೆ ಈ ಪಾಪ ತನ್ನ ಪಾಲಿಗೆ ಬಂದಿದೆ ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಹೇಡಿತನವೆಂದೂ ಗೊತ್ತಾಯಿತು.

ಮೆಟ್ಟಿಲ ಕೆಳಗೆ, ಒಣಗಲು ಹಾಕಿದ ಆಸ್ಪತ್ರೆಯ ಹಸಿರು ಬಟ್ಟೆಗಳ ಹಿಂದೆ ಹೋಗಿ ನಿಂತು ಫೋನು ಮಾಡಿದ. ಸುಬೇದಾರನ ದನಿ ಕೇಳಿದ್ದೇ ಹಿಂದಿಯಲ್ಲಿ, ತಂದೆ ತೀರಿಕೊಂಡರು ಸಾಬ್, ಈಗಷ್ಟೇ, ಅಂದ. ಆ ಭಾಷೆಯಲ್ಲಿ ಹೇಳುವುದು ಸಲೀಸಾಯಿತು. ಕನ್ನಡದಲ್ಲಾಗಿದ್ದರೆ ನಾಲಿಗೆ ಏಳುತ್ತಿರಲಿಲ್ಲವೇನೋ. ಸುಬೇದಾರ ರಾಮ ರಾಮ ಅಂದ. ಬೆಳಿಗ್ಗೆ ನಿಮ್ಮನ್ನು ನಂಬಲಿಲ್ಲ, ಕ್ಷಮಿಸಿ ಅಂದ. ನನ್ನ ತಂದೆ ಹೋದಾಗಲೂ ನಾನು ಮುಖ ನೋಡಲಿಲ್ಲ, ಆ ಸಂಕಟ ನನಗೆ ಗೊತ್ತಿದೆ, ಹುಡುಗನನ್ನು ಈಗಲೇ ಮೇಲಿನಿಂದ ಇಳಿಸುತ್ತೇನೆ, ಸಿ.ಓ. ಸಾಹೇಬರ ಹತ್ತಿರ ನಾನೇ ಹೋಗುತ್ತೇನೆ, ಕಾಗದಪತ್ರ ಏನೂ ಬೇಡ, ವಾಪಸು ಬರುವಾಗ ಸಾವಿನ ಸರ್ಟಿಫಿಕೇಟು ತಂದರೆ ಸಾಕು ಅಂದ. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಕದರಯ್ಯನಿಗೆ ಅಳು ಬಂತು. ಸುಬೇದಾರ ಅದನ್ನು ದುಃಖವೆಂದೇ ತಿಳಿದು, ಧೈರ್ಯ ತಗೊಳ್ಳಿ ಭಾಯಿ ಅಂದ.

ಕಮಾಂಡಿನಿಂದ ಆಗದ ಕೆಲಸ ಎರಡು ಮಾತಿನಿಂದ ಆಯಿತು. ಮಧ್ಯಾಹ್ನದ ಹೊತ್ತಿಗೆ ಸಂದೇಶ ಬಂತು: ರಜೆ ಮಂಜೂರು, ಗಾಡಿ ಕೆಳಗಿಳಿಯುತ್ತಿದೆ, ನಾಳೆ ಸಾಯಂಕಾಲಕ್ಕೆ ಊರು. ಒಳಗೆ ಹೋಗಿ ಭಾವನಿಗೆ ಹೇಗೆ ಹೇಳುವುದೆಂದು ಕದರಯ್ಯ ಮಾತು ಜೋಡಿಸುತ್ತಿರುವಾಗಲೇ ಹನುಮಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಡನ ಕಾಲಿಗೆ ಹೊದಿಕೆ ಸರಿಮಾಡುತ್ತ, "ನಾಳೆ ಬತ್ತಾನೆ. ನೀವು ಹೋಗ್ಬುಟ್ರಿ ಅಂತ ಹೇಳ್ಸಿವ್ನಿ, ಇಲ್ದಿದ್ರೆ ಬುಡಂಗಿಲ್ಲ ಅಂದ್ರು. ಸರ್ಟಿಫಿಕೇಟ್ ಒಂದು ತಂದ್ಕೊಟ್ರೆ ಸಾಕಂತೆ" ಎಂದು ಅಂಗಡಿಯಿಂದ ಸಾಮಾನು ತಂದ ಸುದ್ದಿ ಹೇಳಿದ ಹಾಗೆ ಹೇಳಿಬಿಟ್ಟಳು. ಭಾವ ಅವಳನ್ನು ನೋಡಿದ. ಮಾಸ್ಕಿನೊಳಗೆ ಅವನ ತುಟಿ ಅಗಲವಾಯಿತು. ನಗುತ್ತಿದ್ದಾನೆಂದು ತಿಳಿಯಲು ಕದರಯ್ಯನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಏನ್ ಗಟ್ಟಿಗಿತ್ತಿ ಕಣೇ ನೀನು" ಅಂದ, ಮಾಸ್ಕು ಇಳಿಸಿ. "ನಲ್ವತ್ತು ವರ್ಸ ಸಂಸಾರ ಮಾಡಿ ಕೊನೆಗೆ ಹೊಡ್ದೇ ಹಾಕ್ಬುಟ್ಯಲ್ಲ." ಅವಳು ಹೊದಿಕೆಯನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದಳು.

ಫೋನು ಬಂದದ್ದು ಆಗಲೇ. ಸುಬೇದಾರನ ನಂಬರು, ವಿಡಿಯೋ ಕರೆ. ಕದರಯ್ಯ ಕಾರಿಡಾರಿಗೆ ಓಡಿಹೋಗಿ ಎತ್ತಿದ. ಪರದೆಯ ಮೇಲೆ ಜೀಪಿನ ಒಳಗು, ಕೆಂಪು ಮೀಸೆಯ ಸುಬೇದಾರ, ಅವನ ಭುಜಕ್ಕೆ ಒತ್ತಿಕೊಂಡು ಚೈತನ್ಯ. ಹುಡುಗನ ಮುಖ ಚಳಿಗೆ ಸುಟ್ಟು ಕಪ್ಪಾಗಿತ್ತು, ತುಟಿ ಒಡೆದಿತ್ತು. "ಮಾವ, ಅಪ್ಪನ್ ಮೊಕ ಒಂದ್ಸಲ ತೋರ್ಸು" ಅಂದ. ಇನ್ನು ಮುಂದೆ ಸಿಗ್ನಲ್ ಸಿಗುವುದಿಲ್ಲ, ಹುಡುಗ ಒಂದೇ ಸಮ ಕೇಳುತ್ತಿದ್ದಾನೆ, ತೋರಿಸಿ ಭಾಯಿ ಎಂದು ಸುಬೇದಾರನೂ ಹೇಳಿದ. ಎಷ್ಟು ಒಳ್ಳೆಯ ಮನುಷ್ಯ, ಇವನು ಒಂದು ಗಳಿಗೆ ಆಚೆ ಹೋಗಬಾರದೇ, ಹುಡುಗನ ಕಿವಿಯಲ್ಲಿ ನಿಜ ಹೇಳಿಬಿಡುತ್ತಿದ್ದೆ ಎಂದು ಕದರಯ್ಯನಿಗೆ ಅನ್ನಿಸಿತು. ಸುಬೇದಾರ ಹುಡುಗನ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿದ್ದ. "ಒಂದ್ ನಿಮ್ಷ ಇರು ಮಗ, ಹೆಂಗಸ್ರು ಅವ್ರೆ" ಅಂದು ಕದರಯ್ಯ ಫೋನನ್ನು ಎದೆಗೆ ಒತ್ತಿ ಹಿಡಿದು ಒಳಗೆ ಬಂದ. "ಮೊಕ ತೋರ್ಸ್‌ಬೇಕಂತೆ" ಎಂದು ಪಿಸುಗುಟ್ಟಿದ. "ಪಕ್ಕದಾಗೆ ಸುಬೇದಾರ್ರು ಅವ್ರೆ."

ಅಕ್ಕನೂ ಮೊದಲ ಬಾರಿಗೆ ದಿಕ್ಕುತೋಚದವಳ ಹಾಗೆ ಕೂತಳು. ಭಾವನೇ ಕೈಯೆತ್ತಿ ಪರದೆ ಎಳೆ ಎಂದು ಸನ್ನೆ ಮಾಡಿದ. ಕದರಯ್ಯ ಮಂಚದ ಸುತ್ತ ಪರದೆ ಎಳೆದ. ಭಾವ ಹೆಂಡತಿಯ ಹಣೆಯ ಕಡೆ ಬೆರಳು ತೋರಿಸಿದ. ಅವಳು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಳು. ಆಮೇಲೆ ವೆಂಕಟರಂಗಯ್ಯ ತನ್ನ ಮಾಸ್ಕನ್ನು ತಾನೇ ತೆಗೆದು ಕದರಯ್ಯನ ಕೈಗೆ ಕೊಟ್ಟ, ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ, ಬಾಯಿ ಮುಚ್ಚಿದ, ಕಣ್ಣು ಮುಚ್ಚಿದ. ಬೇಡ ಭಾವ ಎಂದು ಕದರಯ್ಯ ಹೇಳಬೇಕಾಗಿತ್ತು. ಹೇಳುವಷ್ಟರಲ್ಲಿ ಕೈ ಫೋನನ್ನು ಆ ಮುಖದ ಮೇಲೆ ಹಿಡಿದಾಗಿತ್ತು.

"ಅಪ್ಪಾ" ಅಂದ ಚೈತನ್ಯ. ಆಮೇಲೆ ಮಾತೇ ಇಲ್ಲ, ಅಳು. ಗಂಡಸಿನ ಅಳುವಲ್ಲ ಅದು, ತೋಟದಲ್ಲಿ ಎಡವಿ ಬಿದ್ದು ಮೊಣಕಾಲು ತರಚಿಕೊಂಡಾಗ ಅಳುತ್ತಿದ್ದನಲ್ಲ, ಅದೇ. ನಿನ್ನ ಕೊನೇಗೂ ನೋಡ್ಕೊಳ್ಳಕ್ಕಾಗ್ಲಿಲ್ವಲ್ಲಪ್ಪ, ಮದ್ವೆ ನೋಡ್ಲಿಲ್ವಲ್ಲಪ್ಪ ಎಂದು ಒಂದೇ ಸಮ ಹೇಳುತ್ತಿದ್ದ. ಕದರಯ್ಯನ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮಾಸ್ಕು ಸುಮ್ಮನೆ ಗಾಳಿಗೆ ಬುಸುಗುಡುತ್ತಿತ್ತು. ಫೋನಿನ ಚೌಕದೊಳಗೆ ಕಾಣುವುದು ಮುಖ ಮಾತ್ರ. ಕೆಳಗೆ ಹೊದಿಕೆಯ ಅಡಿಯಲ್ಲಿ ಎದೆ ಹೇಗೆ ಏಳಲು ಹವಣಿಸುತ್ತಿದೆ, ಭಾವ ಅದನ್ನು ಹೇಗೆ ತಡೆದು ಹಿಡಿದಿದ್ದಾನೆ, ಅದನ್ನು ನೋಡುತ್ತಿದ್ದವನು ಕದರಯ್ಯ ಒಬ್ಬನೇ. ಸಾಕು, ಕಟ್ ಮಾಡುತ್ತೇನೆ ಮಗ ಅಂದ. "ಇನ್ನೊಂದ್ ಚೂರು ಮಾವ, ನಿನ್ ಕಾಲ್ ಹಿಡ್ಕಂತೀನಿ, ಇನ್ನೊಂದ್ ಚೂರು ತೋರ್ಸು." ಭಾವನ ಕತ್ತಿನ ನರ ಉಬ್ಬಿತು. ತುಟಿಯ ಬಣ್ಣ ಹೋಗುತ್ತಿತ್ತು. ಮುಚ್ಚಿದ ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯತೊಡಗಿದಾಗ ಹನುಮಕ್ಕ ಗಂಡನ ಮುಖದ ಮೇಲೆ ಬಿದ್ದು, ನಿಜವಾಗಿಯೇ ಗೋಳೋ ಎಂದು ಅತ್ತಳು. ಕದರಯ್ಯ ಕರೆ ಕಡಿದ.

ಮಾಸ್ಕು ಹಾಕಿದ ಮೇಲೆ ಉಸಿರು ಹಳಿಗೆ ಬರಲು ಎಷ್ಟೋ ಹೊತ್ತಾಯಿತು. ನರ್ಸನ್ನು ಕರೆಯಲು ಹೊರಟವನನ್ನು ಭಾವ ಅಂಗಿಯ ತುದಿ ಹಿಡಿದು ನಿಲ್ಲಿಸಿದ. ಅಕ್ಕ ಸೆರಗಿನಿಂದ ಅವನ ಮುಖ ಒರೆಸಿದಳು, ತನ್ನದನ್ನು ಒರೆಸಿಕೊಂಡಳು, ಮೂಗು ಸೀಟಿಕೊಂಡಳು. ಭಾವನ ಮುಖದಲ್ಲಿ ಎಂಥದೋ ಸಂತೋಷ ಇತ್ತು. ಮಾಸ್ಕನ್ನು ಸ್ವಲ್ಪವೇ ಎತ್ತಿ, "ಏನ್ ಅಳ್ತಾನಪ್ಪ ನನ್ಮಗ" ಅಂದ. "ನನ್ಗೋಸ್ಕರ ಇಷ್ಟು ಅಳ್ತಾನೆ ಅಂತ ಅಂದ್ಕೊಂಡೇ ಇರ್ಲಿಲ್ಲ ಕಣ್ಲಾ." ಕದರಯ್ಯ ಹೂಂ ಅಂದ. ಭಾವ ಒಂದಷ್ಟು ಹೊತ್ತು ಮೇಲಿನ ಫ್ಯಾನನ್ನೇ ನೋಡುತ್ತ ಮಲಗಿದ್ದ. ಸಂತೋಷ ನಿಧಾನವಾಗಿ ಮುಖದಿಂದ ಇಳಿದು, ಅಲ್ಲಿ ಬೇರೆ ಯಾವುದೋ ಯೋಚನೆ ಬಂದು ಕೂತಿತು.

"ಕದರ."

"ಏನ್ ಭಾವ?"

"ಸರ್ಟಿಫಿಕೇಟ್ ತರ್ಬೇಕು ಅಂದವ್ರಂತಲ್ಲ."

"ಅದೆಲ್ಲ ಆಮೇಲ್ ನೋಡ್ಕಳನ ಬುಡಿ."

"ಅಲ್ಲ ಕಣ್ಲಾ. ಅವನು ಬಂದು, ಇದ್ದು, ತಿರ್ಗಾ ಹೊರ್ಡೋ ಹೊತ್ಗೂ ನಾನು ಹಿಂಗೇ ಇದ್ರೆ... ಅವನ್ಗೆ ತೊಂದ್ರೆ ಆಗಲ್ವಾ?"

ಕದರಯ್ಯನಿಗೆ ಗೊತ್ತಿತ್ತು. ಸುಳ್ಳು ಸಾವಿನ ಮೇಲೆ ರಜೆ ಪಡೆದ ಸಿಪಾಯಿಗೆ ಏನೇನಾಗುತ್ತದೆ, ಮೊದಲು ಯಾರ ಮುಂದೆ ನಿಲ್ಲಿಸುತ್ತಾರೆ, ಬೆಲ್ಟು ಟೋಪಿ ಯಾವಾಗ ಬಿಚ್ಚಿಸುತ್ತಾರೆ, ಕೋಣೆಯಲ್ಲಿ ಕೂಡಿಹಾಕುವುದೆಷ್ಟು, ಸರ್ವೀಸು ಉಳಿಯುತ್ತದೋ ಇಲ್ಲವೋ ಎಲ್ಲ ಗೊತ್ತಿತ್ತು. ಅಕ್ಕನ ಕಡೆ ನೋಡಿದ. ಅವಳು ಈ ಪ್ರಶ್ನೆಯನ್ನು ಯೋಚಿಸಿಯೇ ಇರಲಿಲ್ಲವೆನ್ನುವುದು ಅವಳ ಮುಖದಲ್ಲಿ ಕಾಣುತ್ತಿತ್ತು. ಮಿಲಿಟ್ರಿಯ ವಿಷಯ ತಮ್ಮನಿಗೆ ಗೊತ್ತು ಎಂದು ಅವನ ಬಾಯನ್ನೇ ನೋಡುತ್ತ ಕೂತಿದ್ದಳು. ಏನಾದರೂ ಹೇಳಬೇಕಾಗಿತ್ತು. ಬದಲಿಗೆ ಬಗ್ಗಿ ಭಾವನ ಮಾಸ್ಕಿನ ಪಟ್ಟಿ ಸರಿಮಾಡಿದ. ಅದರಲ್ಲೇ ಭಾವನಿಗೆ ಉತ್ತರ ಸಿಕ್ಕಿತು.

"ಮೊಕ ನೋಡ್ಕಂಡು ಹೋಯ್ತೀನಿ" ಅಂದ ವೆಂಕಟರಂಗಯ್ಯ, ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತ, ಒಪ್ಪಿಸುವವನ ಹಾಗೆ. "ಅಷ್ಟೇ. ಜಾಸ್ತಿ ದಿನ ಇರಲ್ಲ ಬುಡು. ಆಯ್ತೇನಪ್ಪ?"

"ಆಯ್ತು ಭಾವ" ಅಂದುಬಿಟ್ಟ ಕದರಯ್ಯ.